ಆಮ್ಸ್ಟರ್‌ಡ್ಯಾಮ್ ಕಾಲುವೆ ದೋಣಿ ಮತ್ತು ಫುಡ್ ಟೂರ್: ಹಿರಿಯರ ಜೊತೆ ಹೋಗುವವರು ಯಾವುದಕ್ಕೆ ದುಡ್ಡು ಕೊಡಬೇಕು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿ. ಏಪ್ರಿಲ್ ಕೊನೆಯ ವಾರ ಊರಿಂದ ನಮ್ಮ ಅಮ್ಮ, ಅತ್ತೆ, ಮಾವ ಮೂವರೂ ಬರುತ್ತಿದ್ದಾರೆ. ಇಲ್ಲಿಂದ ಆಮ್ಸ್ಟರ್‌ಡ್ಯಾಮ್‌ಗೆ ನೇರ ರೈಲಿದೆ, ಎರಡು ಗಂಟೆ ಚಿಲ್ಲರೆ ಅಷ್ಟೇ. ಎರಡು ರಾತ್ರಿ ಉಳಿದು ಬರೋಣ ಅಂತಿದ್ದೇವೆ. ಟ್ಯುಲಿಪ್ ತೋಟ ಹೇಗೂ ನೋಡುತ್ತೇವೆ, ಅದರಲ್ಲಿ ಗೊಂದಲ ಇಲ್ಲ. ಗೊಂದಲ ಇರುವುದು ಊರೊಳಗಿನ ಟೂರುಗಳ ಬಗ್ಗೆ.

ಆನ್‌ಲೈನ್‌ನಲ್ಲಿ ಹುಡುಕಿದರೆ ಲೆಕ್ಕವಿಲ್ಲದಷ್ಟು ಸಿಗುತ್ತವೆ. ಗಾಜಿನ ದೋಣಿ, ತೆರೆದ ದೋಣಿ, ಚೀಸ್ ಕೊಡುವ ದೋಣಿ, ಪ್ಯಾನ್‌ಕೇಕ್ ದೋಣಿ, ನಡೆಯುತ್ತಾ ತಿನ್ನುವ ಟೂರು. ಫುಡ್ ಟೂರ್ ಅಂದರೆ ಒಬ್ಬರಿಗೆ 80ರಿಂದ 120 ಯೂರೋ ಹೇಳುತ್ತಿದ್ದಾರೆ. ಐದು ಜನಕ್ಕೆ ಅದು ಸಣ್ಣ ಮೊತ್ತ ಅಲ್ಲ. ಅಮ್ಮ ತೀರ್ಥಹಳ್ಳಿಯವರು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅತ್ತೆ ಮಾವ ಕುಂದಾಪುರದ ಕಡೆಯವರು, ಮೀನು ಅಂದರೆ ಜೀವ, ಕೋಳಿಯೂ ಆಗುತ್ತೆ, ದನ ಹಂದಿ ಮಾತ್ರ ಬೇಡ. ಇದರ ಮೇಲೆ ಅಮ್ಮನಿಗೆ ಮಂಡಿ ನೋವು, ಒಂದೇ ಸಮನೆ ಗಂಟೆಗಟ್ಟಲೆ ನಡೆಯಲು ಆಗುವುದಿಲ್ಲ.

ಮಾವ ನಿವೃತ್ತ ಮೇಷ್ಟ್ರು. ನೋಡಿದ್ದಕ್ಕೆಲ್ಲ ಇದು ಯಾಕೆ ಹೀಗಿದೆ ಅಂತ ಕೇಳುತ್ತಾರೆ. ಉತ್ತರ ಹೇಳುವವರು ಯಾರಾದರೂ ಜೊತೆಯಲ್ಲಿ ಇದ್ದರೆ ಅವರಿಗೆ ಅದಕ್ಕಿಂತ ಖುಷಿ ಬೇರೆ ಇಲ್ಲ. ಯಾವುದಕ್ಕೆ ಗೈಡ್ ಬೇಕು, ಯಾವುದನ್ನು ನಾವೇ ಮಾಡಿಕೊಳ್ಳಬಹುದು? ಅಲ್ಲೇ ಇರುವವರು, ಹೋಗಿ ಬಂದವರು ದಯವಿಟ್ಟು ಹೇಳಿ.

ಆಮ್ಸ್ಟಲ್ವೇನ್_ಮನೆ:

ನಮಸ್ಕಾರ. ನಾವಿರುವುದು ಆಮ್ಸ್ಟಲ್ವೇನ್‌ನಲ್ಲಿ, ಆಮ್ಸ್ಟರ್‌ಡ್ಯಾಮ್‌ಗೆ ಅಂಟಿಕೊಂಡ ಊರು. ಇಲ್ಲಿ ನಮ್ಮವರು ಬಹಳ ಜನ ಇದ್ದಾರೆ. ಊರಿಂದ ಅಪ್ಪ ಅಮ್ಮ ಬಂದಾಗಲೆಲ್ಲ ಎಲ್ಲರ ಮನೆಯಲ್ಲೂ ಇದೇ ಪ್ರಶ್ನೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ನೀರಿನ ಮೇಲೆ ಗೈಡ್ ಇರಲಿ, ಊಟಕ್ಕೆ ಬೇಡ.

ದೊಡ್ಡ ಗಾಜಿನ ದೋಣಿಗಳು ಸೆಂಟ್ರಲ್ ಸ್ಟೇಷನ್ ಎದುರಿನಿಂದಲೂ ಮ್ಯೂಸಿಯಂಗಳ ಹತ್ತಿರದಿಂದಲೂ ಹೊರಡುತ್ತವೆ, ಸುಮಾರು ಒಂದು ಗಂಟೆಯ ಸುತ್ತು. ಹತ್ತಿ ಇಳಿಯಲು ಸುಲಭ, ಮಳೆ ಬಂದರೂ ತೊಂದರೆ ಇಲ್ಲ. ಆದರೆ ಅಲ್ಲಿ ಕೇಳಿಸುವುದು ಹೆಚ್ಚಾಗಿ ರೆಕಾರ್ಡ್ ಮಾಡಿದ ಧ್ವನಿ. ನಿಮ್ಮ ಮಾವ ಕೇಳುವ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ ಅಲ್ವಾ? ಹತ್ತು ಹನ್ನೆರಡು ಜನ ಕೂರುವ ಸಣ್ಣ ತೆರೆದ ದೋಣಿಗಳಿವೆ. ಅದರಲ್ಲಿ ದೋಣಿ ನಡೆಸುವವರೇ ಮಾತಾಡುತ್ತಾರೆ, ಕೇಳಿದ್ದಕ್ಕೆ ಹೇಳುತ್ತಾರೆ. ಅದಕ್ಕೆ ದುಡ್ಡು ಕೊಡಿ. ಬುಕ್ ಮಾಡುವ ಮುಂಚೆ ಎರಡು ವಿಷಯ ಕೇಳಿ: ಮಾತಾಡುವ ಗೈಡ್ ಇದ್ದಾರಾ, ದೋಣಿಗೆ ಇಳಿಯುವ ಜಾಗದಲ್ಲಿ ಮೆಟ್ಟಿಲು ಹೇಗಿದೆ. ಕೆಲವು ಕಡೆ ದಡದಿಂದ ಒಂದು ದೊಡ್ಡ ಹೆಜ್ಜೆ ಕೆಳಗೆ ಇಡಬೇಕು, ಮಂಡಿ ನೋವಿರುವವರಿಗೆ ಅದೇ ಕಷ್ಟ. ಏಪ್ರಿಲ್‌ನಲ್ಲಿ ನೀರಿನ ಮೇಲೆ ಗಾಳಿ ಚಳಿ ಚಳಿ ಇರುತ್ತೆ, ಟೋಪಿ ಶಾಲು ಬೇಕೇ ಬೇಕು.

ಇನ್ನು ಏನು ನೋಡಬೇಕು ಅನ್ನುವುದು. ಹೆರೆನ್‌ಗ್ರಾಖ್ಟ್, ಕೈಸರ್ಸ್‌ಗ್ರಾಖ್ಟ್, ಪ್ರಿನ್ಸೆನ್‌ಗ್ರಾಖ್ಟ್ ಅಂತ ಮೂರು ದೊಡ್ಡ ಕಾಲುವೆಗಳು ಹಳೇ ಊರನ್ನು ಅರ್ಧಚಂದ್ರದ ಆಕಾರದಲ್ಲಿ ಸುತ್ತುತ್ತವೆ. 1613ರಲ್ಲಿ ತೋಡಲು ಶುರು ಮಾಡಿದ್ದು, 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಮನೆಗಳ ಮೇಲ್ಭಾಗ ನೋಡಿ. ಹೆಚ್ಚಿನ ಮನೆಗಳ ನೆತ್ತಿಯಲ್ಲಿ ಹೊರಗೆ ಚಾಚಿದ ತೊಲೆ, ಅದಕ್ಕೊಂದು ಕೊಕ್ಕೆ. ಒಳಗಿನ ಮೆಟ್ಟಿಲು ಎಷ್ಟು ಇಕ್ಕಟ್ಟು ಅಂದರೆ ಸಾಮಾನು ಮೇಲೆ ಹೋಗುವುದೇ ಇಲ್ಲ. ಆಗ ವ್ಯಾಪಾರದ ಮೂಟೆ, ಈಗ ಸೋಫಾ ಫ್ರಿಜ್ಜು, ಎಲ್ಲವನ್ನೂ ಹಗ್ಗ ಕಟ್ಟಿ ಕಿಟಕಿಯಿಂದಲೇ ಒಳಗೆ ಎಳೆದುಕೊಳ್ಳುತ್ತಾರೆ. ಎಷ್ಟೋ ಮನೆಗಳು ಸ್ವಲ್ಪ ಮುಂದಕ್ಕೆ ವಾಲಿರುವಂತೆ ಕಟ್ಟಿದ್ದಾರೆ, ಎತ್ತುವಾಗ ಮೂಟೆ ಗೋಡೆಗೆ ಬಡಿಯಬಾರದು ಅಂತ.

ಮಾವನಿಗೆ ಇದನ್ನು ಖಂಡಿತ ಹೇಳಿ: ಈ ಊರಿನ ಅಡಿಯಲ್ಲಿ ಗಟ್ಟಿ ನೆಲ ಇಲ್ಲ. ಜೌಗು ಮಣ್ಣಿನಲ್ಲಿ ಮರದ ಕಂಬಗಳನ್ನು ಮರಳಿನ ಪದರ ಸಿಗುವವರೆಗೂ ಇಳಿಸಿ ಅದರ ಮೇಲೆ ಮನೆ ಕಟ್ಟಿದ್ದಾರೆ. ಡ್ಯಾಮ್ ಚೌಕದ ಅರಮನೆ ಒಂದೇ 13,659 ಕಂಬಗಳ ಮೇಲೆ ನಿಂತಿದೆ. ಮರ ನೀರಿನೊಳಗೆ ಮುಳುಗಿದ್ದರೆ ಗಾಳಿ ತಾಕುವುದಿಲ್ಲ, ಕೊಳೆಯುವುದಿಲ್ಲ. ಅಂತರ್ಜಲ ಇಳಿದು ಕಂಬದ ತಲೆ ಗಾಳಿಗೆ ಬಂದರೆ ಕೊಳೆಯಲು ಶುರುವಾಗುತ್ತೆ, ಮನೆ ಕುಸಿಯುತ್ತೆ. ಅದಕ್ಕೇ ಇಲ್ಲಿ ನೀರಿನ ಮಟ್ಟದ ಮೇಲೆ ಸದಾ ಕಣ್ಣು. ಕಾಲುವೆಯ ನೀರನ್ನು ಡಚ್ಚರು ಎತ್ತರ ಅಳೆಯುವ ಸೊನ್ನೆ ಗುರುತಿಗಿಂತ (ಹೆಚ್ಚುಕಡಿಮೆ ಸಮುದ್ರ ಮಟ್ಟ) ಸುಮಾರು 40 ಸೆಂಟಿಮೀಟರ್ ಕೆಳಗೆ ಹಿಡಿದಿಟ್ಟಿರುತ್ತಾರೆ.

ಬೆಳಕಿರುವಾಗ ಹೋದರೆ ಮನೆಗಳು ಚೆನ್ನಾಗಿ ಕಾಣುತ್ತವೆ, ಕತ್ತಲಾದ ಮೇಲೆ ದೀಪ ಹಾಕಿದ ಸೇತುವೆಗಳು. ರೆಗುಲಿಯರ್ಸ್‌ಗ್ರಾಖ್ಟ್ ಕಾಲುವೆಯ ಬಾಯಿಯಲ್ಲಿ ನಿಂತರೆ ಏಳು ಸೇತುವೆ ಒಂದರ ಹಿಂದೆ ಒಂದು ಸಾಲಾಗಿ ಕಾಣುತ್ತವೆ, ದೋಣಿಯಿಂದಲೇ ಆ ನೋಟ ಚೆನ್ನ. ಏಪ್ರಿಲ್ ಕೊನೆಗೆ ಕತ್ತಲಾಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ, ಹಾಗಾಗಿ ಹಿರಿಯರಿದ್ದರೆ ಸಂಜೆ ಆರರ ದೋಣಿ ಸಾಕು.

ಕಡಲತಡಿ:

ಮೇಲಿನವರು ದೋಣಿ ಬಗ್ಗೆ ಹೇಳಿದ್ದು ಎಲ್ಲ ಸರಿ. ಊಟಕ್ಕೆ ಗೈಡ್ ಬೇಡ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮೀನು ತಿನ್ನುವವರಿಗೆ ಅಲ್ಲಿನ ಫುಡ್ ಟೂರ್ ನಿಜವಾಗಿಯೂ ಒಳ್ಳೆಯದು. ಯಾಕೆ ಅಂದರೆ ಮೀನಿನ ಗಾಡಿ ಮುಂದೆ ನಾವೇ ಹೋಗಿ ನಿಂತರೆ ಏನು ಕೇಳಬೇಕು ಅಂತಲೇ ತಿಳಿಯುವುದಿಲ್ಲ. ಗೈಡ್ ಇದ್ದರೆ ಅಂಗಡಿಯವರು ಕೂಡ ಮಾತಿಗೆ ಬರುತ್ತಾರೆ, ಮೀನು ಹೇಗೆ ಸೀಳುತ್ತಾರೆ ಅಂತ ತೋರಿಸುತ್ತಾರೆ.

ಹೆರಿಂಗ್ ಅನ್ನುವ ಸಮುದ್ರದ ಮೀನನ್ನು ಅವರು ಬೇಯಿಸುವುದಿಲ್ಲ. ಕಿವಿರು, ಕರುಳು ತೆಗೆದು ಉಪ್ಪಿನಲ್ಲಿ ಹದ ಮಾಡುತ್ತಾರೆ, ಒಳಗಿನ ಮೇದೋಜೀರಕ ಗ್ರಂಥಿ ಮಾತ್ರ ಹಾಗೇ ಬಿಡುತ್ತಾರೆ, ಮಾಂಸ ಮೆತ್ತಗಾಗುವುದು ಅದರಿಂದ. ಹುಳದ ಭಯ ಇರಬಾರದು ಅಂತ ಮೊದಲೇ ಫ್ರೀಜ್ ಮಾಡಿರುತ್ತಾರೆ. ಮೇಲೆ ಹಸಿ ಈರುಳ್ಳಿ ಹಾಕಿ ಕೊಡುತ್ತಾರೆ. ಹೊಸ ಹೆರಿಂಗ್ ಬರುವುದು ಜೂನ್ ಮಧ್ಯಕ್ಕೆ, ಏಪ್ರಿಲ್‌ನಲ್ಲಿ ಸಿಗುವುದು ಹಿಂದಿನ ವರ್ಷದ್ದು. ರುಚಿ ಕೆಟ್ಟದೇನಲ್ಲ, ಆದರೆ ಮೊದಲ ಸಲ ತಿನ್ನುವವರು ಒಂದನ್ನು ಹಂಚಿಕೊಂಡು ನೋಡುವುದು ಒಳ್ಳೆಯದು. ಕುಂದಾಪುರದವರಿಗೆ ಖಂಡಿತ ಹಿಡಿಸುವುದು ಕಿಬ್ಬೆಲಿಂಗ್. ಕಾಡ್ ಥರದ ಬಿಳಿ ಮೀನಿನ ತುಂಡುಗಳನ್ನು ಹಿಟ್ಟಿನಲ್ಲಿ ಅದ್ದಿ ಬಿಸಿ ಬಿಸಿ ಕರಿದು ಕೊಡುತ್ತಾರೆ. ಖಾರ ಕಡಿಮೆ, ಜೇಬಿನಲ್ಲಿ ಒಂದು ಪೊಟ್ಟಣ ಖಾರದ ಪುಡಿ ಇಟ್ಟುಕೊಳ್ಳಿ.

ಒಂದು ಎಚ್ಚರ: ಬಿಟರ್‌ಬಾಲೆನ್ ಅಂತ ಉಂಡೆ ಉಂಡೆ ಕರಿದದ್ದು ಎಲ್ಲ ಟೂರಿನಲ್ಲೂ ಕೊಡುತ್ತಾರೆ. ಅದರೊಳಗೆ ಇರುವುದು ಸಾಮಾನ್ಯವಾಗಿ ದನದ ಮಾಂಸ. ಅತ್ತೆ ಮಾವನಿಗೆ ಮೊದಲೇ ಹೇಳಿಡಿ.

ಐದೂ ಜನ ಒಟ್ಟಿಗೇ ಹೋಗಬೇಕು ಅಂತ ಏನಿಲ್ಲವಲ್ಲ. ಅತ್ತೆ ಮಾವನನ್ನು ನಿಮ್ಮ ಯಜಮಾನರ ಜೊತೆ ಟೂರಿಗೆ ಕಳಿಸಿ, ನೀವು ಅಮ್ಮನ ಜೊತೆ ಬೇರೆ ಕಡೆ ಹೋಗಿ. ಟೂರು ಸಣ್ಣ ಗುಂಪಿನದ್ದೇ ಇರಲಿ. 2020ರಿಂದ ಊರಿನ ನಡುಭಾಗದಲ್ಲಿ ಒಬ್ಬ ಗೈಡ್ 15ಕ್ಕಿಂತ ಜಾಸ್ತಿ ಜನರನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ಆದರೆ ತಿನ್ನುವ ಟೂರಿಗೆ 15 ಕೂಡ ಜಾಸ್ತಿಯೇ, ಎಂಟು ಜನರ ಒಳಗಿನದ್ದು ಹುಡುಕಿ.

ಹಳೇಹುಬ್ಬಳ್ಳಿ:

ಸಸ್ಯಾಹಾರಿಗಳ ಪರವಾಗಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಮನೆಯವರು ಒಂದು ಟೂರಿಗೆ ಹೋಗಿದ್ದೆವು, ಹೆಸರು ಬೇಡ. ಬುಕ್ ಮಾಡುವಾಗ ಸಸ್ಯಾಹಾರ ಆಗುತ್ತೆ ಅಂತ ಬರೆದಿದ್ದರು. ಹೋದ ಮೇಲೆ ಉಳಿದವರಿಗೆ ಮೀನು, ಸಾಸೇಜು, ಉಂಡೆ ಎಲ್ಲ ಬಂತು, ನಮ್ಮ ತಾಯಿಗೆ ಮೂರು ಅಂಗಡಿಯಲ್ಲೂ ಚೀಸ್ ತುಂಡು, ಬ್ರೆಡ್ಡು. ದುಡ್ಡು ಮಾತ್ರ ಎಲ್ಲರಷ್ಟೇ. ವಯಸ್ಸಾದವರನ್ನು ಹಸಿದು ನಿಲ್ಲಿಸಿಕೊಂಡು ಬೇರೆಯವರು ತಿನ್ನುವುದನ್ನು ನೋಡುವುದಿದೆಯಲ್ಲ, ಅದು ಬಹಳ ಬೇಜಾರಿನ ವಿಷಯ. ಹಾಗಾಗಿ ಬುಕ್ ಮಾಡುವ ಮುಂಚೆ ಮೇಲ್ ಹಾಕಿ ಕೇಳಿ: ಮೊಟ್ಟೆಯೂ ತಿನ್ನದವರಿಗೆ ಯಾವ ಅಂಗಡಿಯಲ್ಲಿ ಏನು ಕೊಡುತ್ತೀರಿ? ಒಂದೊಂದೇ ತಿನಿಸಿನ ಹೆಸರು ಬರೆದು ಉತ್ತರ ಕೊಟ್ಟರೆ ಹೋಗಿ. ನೋಡೋಣ, ಅಡ್ಜಸ್ಟ್ ಮಾಡುತ್ತೇವೆ ಅಂತ ಬಂದರೆ ಬಿಟ್ಟುಬಿಡಿ.

ಚೀಸ್ ಕೂಡ ಸುಮ್ನೆ ತಿನ್ನುವ ಹಾಗಿಲ್ಲ. ಹಾಲು ಒಡೆಸಲು ಹಳೇ ಪದ್ಧತಿಯಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಡಚ್ ಭಾಷೆಯಲ್ಲಿ ಅದಕ್ಕೆ ಸ್ಟ್ರೆಮ್ಸೆಲ್ ಅನ್ನುತ್ತಾರೆ. ಪ್ಯಾಕೆಟ್ ಮೇಲೆ ‘ವೆಜಿಟಾರಿಶ್ ಸ್ಟ್ರೆಮ್ಸೆಲ್’ ಅಥವಾ ‘ಮೈಕ್ರೋಬಿಯೇಲ್’ ಅಂತ ಇದ್ದರೆ ತೆಗೆದುಕೊಳ್ಳಿ, ಸೂಪರ್ ಮಾರ್ಕೆಟ್‌ನಲ್ಲಿ ಸಿಗುತ್ತೆ. ಜೀರಿಗೆ ಹಾಕಿದ ಚೀಸ್ ನಮ್ಮವರಿಗೆ ತುಂಬಾ ಇಷ್ಟವಾಗುತ್ತೆ.

ಪಾಫರ್ಚೆಸ್ (ಪುಟ್ಟ ಪುಟ್ಟ ಪ್ಯಾನ್‌ಕೇಕ್), ಪ್ಯಾನ್‌ಕೇಕ್, ಆ್ಯಪಲ್ ಟಾರ್ಟ್ ಇವುಗಳಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತೆ. ಪ್ಯಾನ್‌ಕೇಕ್ ದೋಣಿ ಅಮ್ಮನಿಗೆ ಬೇಡವೇ ಬೇಡ. ಸ್ಟ್ರೂಪ್‌ವಾಫೆಲ್ ಅನ್ನುವ ಪಾಕ ತುಂಬಿದ ತೆಳು ಬಿಸ್ಕತ್ತಿನಲ್ಲಿ ಕೆಲವು ಕಂಪನಿಯವರು ಹಾಕುತ್ತಾರೆ, ಕೆಲವರು ಇಲ್ಲ, ಪ್ಯಾಕೆಟ್ ಓದಿ. ‘ಐ’ (ei) ಅಂತ ಕಂಡರೆ ಅದು ಮೊಟ್ಟೆ. ಆಲೂ ಫ್ರೈಸ್ ಒಳ್ಳೆಯದು, ಆದರೆ ಕೆಲವು ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿಯುವ ಪದ್ಧತಿ ಇನ್ನೂ ಇದೆ, ಎಣ್ಣೆ ಯಾವುದು ಅಂತ ಕೇಳಿ. ಮಯೊನೀಸ್‌ನಲ್ಲಿ ಮೊಟ್ಟೆ ಇರುತ್ತೆ, ಅದರ ಬದಲು ಕಡಲೆಕಾಯಿ ಸಾಸ್ ಕೇಳಬಹುದು.

ಅಮ್ಮನಿಗೆ ಹೊಟ್ಟೆ ತುಂಬುವ ಊಟ ಬೇಕಾದರೆ ಸುರಿನಾಮಿ ರೊಟ್ಟಿ ಅಂಗಡಿಗೆ ಕರೆದುಕೊಂಡು ಹೋಗಿ. ಮೆತ್ತನೆ ರೊಟ್ಟಿ, ಆಲೂಗಡ್ಡೆ ಪಲ್ಯ, ಉದ್ದನೆಯ ಅಲಸಂದೆ ಕಾಯಿ ಪಲ್ಯ. ಮಾಮೂಲಾಗಿ ಕೋಳಿ ಮತ್ತು ಬೇಯಿಸಿದ ಮೊಟ್ಟೆ ಜೊತೆಗೆ ಬರುತ್ತೆ, ಸಸ್ಯಾಹಾರಿ ಪ್ಲೇಟು ಕೇಳಿ, ಮೊಟ್ಟೆ ಬೇಡ ಅಂತ ಬಿಡಿಸಿ ಹೇಳಿ. ಬಾರಾ ಅಂತ ಸಿಗುತ್ತೆ, ಉದ್ದಿನ ಹಿಟ್ಟಿನದ್ದು, ನಡುವೆ ತೂತು, ನಮ್ಮ ಉದ್ದಿನ ವಡೆಯ ದೂರದ ಅಕ್ಕ ಅನ್ನಬಹುದು. ಖಾರದ ಚಟ್ನಿ ಜೊತೆಗೆ ಕೊಡುತ್ತಾರೆ. ಆಲ್ಬರ್ಟ್ ಕೌಪ್ ಮಾರ್ಕೆಟ್ ಸುತ್ತಮುತ್ತ ಇಂಥ ಅಂಗಡಿಗಳಿವೆ. ಆ ಸಂತೆ 1905ರಿಂದ ನಡೆಯುತ್ತಿದೆ, ಭಾನುವಾರ ಇರುವುದಿಲ್ಲ.

ತುಂಗಾತೀರ:

ಎಲ್ಲರಿಗೂ ತುಂಬಾ ಧನ್ಯವಾದ. ಬಿಟರ್‌ಬಾಲೆನ್ ವಿಷಯ, ಫ್ರೈಸ್ ಎಣ್ಣೆ ವಿಷಯ ನನಗೆ ಗೊತ್ತೇ ಇರಲಿಲ್ಲ. ರೊಟ್ಟಿ, ಬಾರಾ ಕೇಳಿ ಅಮ್ಮ ಆಗಲೇ ಫೋನಿನಲ್ಲಿ ನಗುತ್ತಿದ್ದಾರೆ. ಆದರೆ ಮಾವನ ಪ್ರಶ್ನೆ ಈಗಲೇ ಶುರುವಾಯಿತು: ಸುರಿನಾಮ್ ಇರುವುದು ದಕ್ಷಿಣ ಅಮೆರಿಕದಲ್ಲಿ, ಅಲ್ಲಿಯ ರೊಟ್ಟಿ ಡಚ್ಚರ ಊರಿಗೆ ಹೇಗೆ ಬಂತು? ಹಾಗೇ ಇಂಡೋನೇಷ್ಯಾ ಊಟದ ಬಗ್ಗೆಯೂ ಎಲ್ಲ ಕಡೆ ಬರೆದಿದ್ದಾರೆ, ಅದು ಅಮ್ಮನಿಗೆ ಆಗುತ್ತಾ?

ಬಸ್ರೂರು_ಬಂದರು:

ಮಾವ ಕೇಳಿರುವುದು ಸರಿಯಾದ ಪ್ರಶ್ನೆ, ಆ ಊರಿನ ಊಟವೆಲ್ಲ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಸ್ವಲ್ಪ ಉದ್ದ ಆಗುತ್ತೆ, ಓದಿ ಹೇಳಿ ಅವರಿಗೆ.

ಸುರಿನಾಮ್ ಡಚ್ಚರ ವಸಾಹತು. ಅಲ್ಲಿಯ ಕಬ್ಬಿನ ತೋಟಗಳಲ್ಲಿ ಆಫ್ರಿಕಾದಿಂದ ತಂದ ಗುಲಾಮರನ್ನು ದುಡಿಸುತ್ತಿದ್ದರು. 1863ರ ಜುಲೈ 1ರಂದು ಗುಲಾಮಗಿರಿ ರದ್ದಾಯಿತು, ಆದರೆ ಬಿಡುಗಡೆಯಾದವರು ಇನ್ನೂ ಹತ್ತು ವರ್ಷ ತೋಟಗಳಲ್ಲೇ ಕೆಲಸ ಮಾಡಬೇಕು ಅಂತ ಕಟ್ಟಳೆ ಹಾಕಿದರು. ಆ ಹತ್ತು ವರ್ಷ ಮುಗಿದದ್ದು 1873ರಲ್ಲಿ. ಕೂಲಿಗೆ ಜನ ಬೇಕು, ಬ್ರಿಟಿಷರ ಜೊತೆ ಒಪ್ಪಂದ ಆಗಿತ್ತು, ಅದೇ ವರ್ಷ ಕಲ್ಕತ್ತಾದಿಂದ ಲಾಲಾ ರೂಖ್ ಅನ್ನುವ ಹಡಗಿನಲ್ಲಿ ಮೊದಲ ಕಂತಿನ ಕೂಲಿಗಳನ್ನು ಸುರಿನಾಮ್‌ಗೆ ಕರೆದೊಯ್ದರು. ಮುಂದೆ 1916ರವರೆಗೆ ಸುಮಾರು 34,000 ಜನ ಹೋದರು, ಹೆಚ್ಚಿನವರು ಇವತ್ತಿನ ಬಿಹಾರ, ಉತ್ತರ ಪ್ರದೇಶದ ಕಡೆಯವರು. 1975ರಲ್ಲಿ ಸುರಿನಾಮ್ ಸ್ವತಂತ್ರವಾಯಿತು. ಆ ಹೊತ್ತಿಗೆ ಅವರ ಮಕ್ಕಳು ಮೊಮ್ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ನೆದರ್‌ಲ್ಯಾಂಡ್ಸ್‌ಗೆ ಬಂದು ನೆಲೆಸಿದರು. ನಿಮ್ಮ ಅಮ್ಮ ತಿನ್ನುವ ಬಾರಾ ಎರಡು ಸಮುದ್ರಯಾನ ಮಾಡಿ ಬಂದದ್ದು.

ಕಾಲುವೆ ಮನೆಗಳ ನೆತ್ತಿಯ ಕೊಕ್ಕೆಗೂ ಇದಕ್ಕೂ ಸಂಬಂಧ ಇದೆ. 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು. ಕರಿಮೆಣಸು, ಲವಂಗ, ಜಾಯಿಕಾಯಿ, ದಾಲ್ಚಿನ್ನಿ ಇವೆಲ್ಲ ಹಡಗಿನಿಂದ ಸಣ್ಣ ದೋಣಿಗೆ, ದೋಣಿಯಿಂದ ಕಾಲುವೆ ದಡದ ಗೋದಾಮಿನ ಅಟ್ಟಕ್ಕೆ. ಜಾಯಿಕಾಯಿ ಬೆಳೆಯುತ್ತಿದ್ದ, ಇವತ್ತಿನ ಇಂಡೋನೇಷ್ಯಾದ ಬಂಡಾ ದ್ವೀಪಗಳ ಜನರನ್ನು 1621ರಲ್ಲಿ ಕಂಪನಿಯವರು ಕೊಂದು, ಹಸಿವಿನಿಂದ ಸಾಯಿಸಿ, ಉಳಿದವರನ್ನು ಹೊತ್ತೊಯ್ದು ದ್ವೀಪವನ್ನೇ ಖಾಲಿ ಮಾಡಿದರು. ಹೆರೆನ್‌ಗ್ರಾಖ್ಟ್ ಮನೆಗಳ ಅಂದ ನೋಡುವಾಗ ಇದನ್ನೂ ಹೇಳದ ಗೈಡ್ ಒಳ್ಳೆಯ ಗೈಡ್ ಅಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಊರಿನ ಮೇಯರ್ ಫೆಮ್ಕೆ ಹಾಲ್ಸೆಮಾ 2021ರ ಜುಲೈ 1ರಂದು ಗುಲಾಮಗಿರಿಯಲ್ಲಿ ಊರಿನ ಪಾತ್ರಕ್ಕೆ ಬಹಿರಂಗವಾಗಿ ಕ್ಷಮೆ ಕೇಳಿದರು. ಈಗ ಈ ವಸಾಹತು ಇತಿಹಾಸವನ್ನೇ ಮುಖ್ಯವಾಗಿ ಹೇಳುವ ದೋಣಿ ಟೂರು, ನಡಿಗೆ ಟೂರು ಎರಡೂ ಇವೆ. ಮಾವನಿಗೆ ಅದೇ ಸೂಕ್ತ.

ಮಾವನಿಗೆ ಇನ್ನೊಂದು ಹೇಳಿ. ಕುಂದಾಪುರದ ಪಕ್ಕದ ನಮ್ಮ ಬಸ್ರೂರಿನಲ್ಲೂ 17ನೇ ಶತಮಾನದಲ್ಲಿ ಇದೇ ಕಂಪನಿಯ ಕೋಠಿ ಇತ್ತು, ಅಕ್ಕಿ, ಮೆಣಸಿನ ವ್ಯಾಪಾರ ನಡೆಯುತ್ತಿತ್ತು. ಕಂಪನಿಯ ಹಳೇ ಮುಖ್ಯ ಕಚೇರಿ ಔಡೆ ಹೋಖ್‌ಸ್ಟ್ರಾಟ್ ಬೀದಿಯಲ್ಲಿದೆ, ಈಗ ವಿಶ್ವವಿದ್ಯಾಲಯದ ಕಟ್ಟಡ. ಅದರ ಅಂಗಳದಲ್ಲಿ ಐದು ನಿಮಿಷ ನಿಲ್ಲಿಸಿ ಇದನ್ನು ಹೇಳಿ, ಅವರ ಮುಖ ನೋಡಿ.

ಇಂಡೋನೇಷ್ಯಾ ಊಟದಲ್ಲಿ ರೈಸ್ಟಾಫೆಲ್ ಅಂತ ಬರುತ್ತೆ, ಅನ್ನದ ಸುತ್ತ ಹತ್ತು ಹದಿನೈದು ಸಣ್ಣ ಬಟ್ಟಲು. ಅತ್ತೆ ಮಾವನಿಗೆ ಖಂಡಿತ ಹಿಡಿಸುತ್ತೆ. ಅಮ್ಮನಿಗೆ ಹುಷಾರು. ಸಸ್ಯಾಹಾರಿ ಅಂತ ಬರೆದಿದ್ದರೂ ಸಂಬಾಲ್ ಅನ್ನುವ ಮೆಣಸಿನಕಾಯಿ ಚಟ್ನಿಯಲ್ಲಿ, ಕಡಲೆಕಾಯಿ ಸಾಸ್‌ನಲ್ಲಿ ತ್ರಾಸಿ ಇರಬಹುದು, ಅದು ಹುದುಗಿಸಿದ ಸಿಗಡಿ. ತ್ರಾಸಿ ಇಲ್ಲದ್ದು ಮಾಡುತ್ತೀರಾ ಅಂತ ಫೋನಿನಲ್ಲೇ ಕೇಳಿ ಜಾಗ ಕಾದಿರಿಸಿ.

ಆಮ್ಸ್ಟಲ್ವೇನ್_ಮನೆ:

ಬಸ್ರೂರಿನವರೇ, ಈ ಹತ್ತು ವರ್ಷದ ಕಟ್ಟಳೆ ವಿಷಯ ನನಗೂ ಹೊಸದು, ಧನ್ಯವಾದ. ಕಡಲತಡಿಯವರು ಹೇಳಿದ ಹಾಗೆ ಗುಂಪು ಎರಡಾಗಿ ಹೋಗುವುದಾದರೆ ಫುಡ್ ಟೂರ್‌ಗೆ ನನ್ನ ಆಕ್ಷೇಪ ಇಲ್ಲ, ಐದೂ ಜನಕ್ಕೆ ಕಟ್ಟುವುದು ಬೇಡ ಅಷ್ಟೇ.

ಇನ್ನು ಕೆಲವು ಪ್ರಾಯೋಗಿಕ ವಿಷಯ. ಏಪ್ರಿಲ್ 27 ರಾಜನ ಹುಟ್ಟುಹಬ್ಬ, ಅದು ಭಾನುವಾರ ಬಿದ್ದರೆ 26. ಆ ದಿನ ಇಡೀ ದೇಶ ಕಿತ್ತಳೆ ಬಣ್ಣ ಹಾಕಿಕೊಂಡು ಬೀದಿಗೆ ಬರುತ್ತೆ. ನಡುಊರಿನಲ್ಲಿ ಟ್ರಾಮ್ ಓಡುವುದಿಲ್ಲ, ಕಾಲುವೆ ತುಂಬಾ ಹಾಡು ಹಾಕಿಕೊಂಡ ದೋಣಿಗಳು. ಹರೆಯದವರಿಗೆ ಅದು ಚಂದ, ಮಂಡಿ ನೋವಿನವರಿಗೆ ಅಲ್ಲ. ಹಿಂದಿನ ರಾತ್ರಿಯೂ ಗದ್ದಲ ಇರುತ್ತೆ. ಆ ಎರಡು ದಿನ ಬಿಟ್ಟು ಬನ್ನಿ.

ಓಡಾಡಲು ಬೇರೆ ಕಾರ್ಡ್ ಬೇಡ, ನಿಮ್ಮ ಬ್ಯಾಂಕ್ ಕಾರ್ಡನ್ನೇ ಟ್ರಾಮ್ ಹತ್ತುವಾಗಲೂ ಇಳಿಯುವಾಗಲೂ ತೋರಿಸಿದರೆ ಸಾಕು. ಒಬ್ಬರಿಗೆ ಒಂದು ಕಾರ್ಡ್ ಬೇಕು, ಅದು ನೆನಪಿರಲಿ. 2ನೇ ನಂಬರ್ ಟ್ರಾಮ್ ಸೆಂಟ್ರಲ್ ಸ್ಟೇಷನ್‌ನಿಂದ ಕಾಲುವೆಗಳನ್ನು ದಾಟುತ್ತಾ ಮ್ಯೂಸಿಯಂ ಕಡೆ ಹೋಗುತ್ತೆ, ಅಮ್ಮ ಕಿಟಕಿ ಪಕ್ಕ ಕೂತೇ ಅರ್ಧ ಊರು ನೋಡಬಹುದು. ಸ್ಟೇಷನ್ ಹಿಂಭಾಗದಿಂದ ಐ ಅನ್ನುವ ಅಗಲವಾದ ಜಲಮಾರ್ಗ ದಾಟಿಸುವ ದೋಣಿ ಇದೆ, ಪೂರ್ತಿ ಉಚಿತ, ಟಿಕೆಟ್ಟೇ ಇಲ್ಲ. ಕೆಂಪು ಬಣ್ಣದ ದಾರಿ ಸೈಕಲ್ಲಿನದ್ದು, ಅಲ್ಲಿ ನಿಂತು ಫೋಟೋ ತೆಗೆಯಬೇಡಿ. ಶೌಚಾಲಯಕ್ಕೆ ಹೆಚ್ಚಿನ ಕಡೆ ದುಡ್ಡು ಕೊಡಬೇಕು, ದೋಣಿ ಹತ್ತುವ ಮುಂಚೆ ಮುಗಿಸಿಕೊಳ್ಳಿ, ಸಣ್ಣ ದೋಣಿಯಲ್ಲಿ ಇರುವುದಿಲ್ಲ.

ದೋಣಿಯ ದಾರಿ ಜಾಹೀರಾತಿನಲ್ಲಿ ಇದ್ದಂತೆಯೇ ಇರುತ್ತೆ ಅಂತ ಇಟ್ಟುಕೊಳ್ಳಬೇಡಿ. ಹಳೇ ದಡದ ಗೋಡೆಗಳು ಸಡಿಲವಾಗಿವೆ, 2020ರಲ್ಲಿ ಗ್ರಿಂಬರ್ಗ್‌ವಾಲ್ ಹತ್ತಿರ ಒಂದು ಕಡೆ ಗೋಡೆ ಕುಸಿದೇ ಹೋಯಿತು. ಅಲ್ಲಿಂದೀಚೆಗೆ ಒಂದೊಂದೇ ಕಾಲುವೆ ಮುಚ್ಚಿ ರಿಪೇರಿ ಮಾಡುತ್ತಿದ್ದಾರೆ. ನಿಮ್ಮ ದಿನಕ್ಕೆ ಯಾವ ದಾರಿ ಅಂತ ಹಿಂದಿನ ದಿನ ಕೇಳಿಕೊಳ್ಳಿ.

ತುಂಗಾತೀರ:

ಈಗ ನಮ್ಮ ಪ್ಲಾನ್ ಹೀಗೆ ಆಯಿತು. 22ಕ್ಕೆ ಬಂದು 24ಕ್ಕೆ ವಾಪಸ್. ಮೊದಲ ಸಂಜೆ ಎಲ್ಲರೂ ಮಾತಾಡುವ ಗೈಡ್ ಇರುವ ಸಣ್ಣ ದೋಣಿ, ವಸಾಹತು ಇತಿಹಾಸ ಹೇಳುವವರದ್ದೇ ಸಿಕ್ಕರೆ ಅದೇ. ಮರುದಿನ ಬೆಳಿಗ್ಗೆ ನಮ್ಮ ಯಜಮಾನರು ಅತ್ತೆ ಮಾವನ ಜೊತೆ ಮೀನಿನ ಟೂರು, ನಾನು ಅಮ್ಮ ಟ್ರಾಮಿನಲ್ಲಿ ಸುತ್ತಿ ಆಲ್ಬರ್ಟ್ ಕೌಪ್‌ಗೆ ಬಾರಾ ತಿನ್ನಲು. ಸಂಜೆ ಮಾವನನ್ನು ಕಂಪನಿಯ ಹಳೇ ಕಚೇರಿಗೆ ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನದು. ಒಂದೇ ಒಂದು ಉಳಿದಿದೆ: ನಾಜಿಗಳಿಂದ ಅಡಗಿದ್ದು ಡೈರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್ ಮನೆಗೆ ಟಿಕೆಟ್ ಎಲ್ಲೂ ಸಿಗುತ್ತಿಲ್ಲ, ಟೂರ್ ಕಂಪನಿಗಳ ಹತ್ತಿರ ಜಾಸ್ತಿ ದುಡ್ಡಿಗೆ ಸಿಗುತ್ತಾ?

ಹಳೇಹುಬ್ಬಳ್ಳಿ:

ಬೇಡ ಬೇಡ, ಯಾರಿಗೂ ಜಾಸ್ತಿ ದುಡ್ಡು ಕೊಡಬೇಡಿ. ಆನ್ ಫ್ರಾಂಕ್ ಹೆಸರಿನ ನಡಿಗೆ ಟೂರುಗಳಲ್ಲಿ ಹೆಚ್ಚಿನವು ಮನೆಯ ಒಳಗೆ ಹೋಗುವುದಿಲ್ಲ, ಹೊರಗೆ ನಿಲ್ಲಿಸಿ ಕಥೆ ಹೇಳುತ್ತವೆ ಅಷ್ಟೇ. ಟಿಕೆಟ್ ಮಾರುವುದು ಆ ಮ್ಯೂಸಿಯಂನವರ ಸ್ವಂತ ವೆಬ್‌ಸೈಟಿನಲ್ಲಿ ಮಾತ್ರ. ಪ್ರತಿ ಮಂಗಳವಾರ ಬೆಳಿಗ್ಗೆ ಅಲ್ಲಿಯ ಸಮಯ 10ಕ್ಕೆ, ಆರು ವಾರ ಮುಂದಿನ ದಿನಗಳದ್ದನ್ನು ಬಿಡುತ್ತಾರೆ. ಬೇಗ ಖಾಲಿಯಾಗುತ್ತೆ, ಸ್ವಲ್ಪ ಮುಂಚೆಯೇ ಲಾಗಿನ್ ಆಗಿ ಸಾಲಿನಲ್ಲಿರಿ. ಒಳಗಿನ ಮೆಟ್ಟಿಲು ಬಹಳ ಕಡಿದು, ಅಮ್ಮನ ಮಂಡಿಗೆ ಆಗುವುದಿಲ್ಲ, ಅವರಿಗೆ ಟಿಕೆಟ್ ತೆಗೆಯಬೇಡಿ. ಪಕ್ಕದಲ್ಲೇ ವೆಸ್ಟರ್‌ಕರ್ಕ್ ಚರ್ಚಿನ ಎದುರು ಕೂರಲು ಜಾಗ ಇದೆ, ಯಾರಾದರೂ ಒಬ್ಬರು ಅಮ್ಮನ ಜೊತೆ ಅಲ್ಲಿ ಕಾಯಬಹುದು.